ಪಾಸ್‌ವರ್ಡ್ ಯಾರ ಕಿಟಕೀಲಿ ಹಾಕಿದ್ರಿ? ಲಾಗಿನ್‌ನ ಅರವತ್ತು ವರ್ಷದ ಕಥೆ

(1)

ಹೋದ ಸರಣಿಯಲ್ಲಿ ಚೆಕ್ಕಿನ ಕಥೆ ಬರೆದಾಗ ನಿಮ್ಮಲ್ಲಿ ಕೆಲವರು "ಸ್ವಲ್ಪ ನಮ್ಮ ಕಾಲದ್ದು ಬರಿ" ಅಂದಿದ್ರಿ. ಸರಿ, ಈ ಸಲ ಲಾಗಿನ್ ಕಥೆ. ಒಂಬತ್ತು ಕ್ಯಾಪ್ಶನ್ ಇದೆ. ಸ್ವಲ್ಪ ಉದ್ದ. ಟೀ ಇಟ್ಕೊಂಡು ಕೂತ್ಕೊಳ್ಳಿ.

ನನ್ನ ತಪ್ಪಿನಿಂದಲೇ ಶುರು ಮಾಡ್ತೀನಿ. ನನ್ನ ಚಿಕ್ಕಮ್ಮ ಸೀರೆಗೆ ಕುಚ್ಚು ಹಾಕ್ತಾರೆ. ಅವರಿಗೆ ಒಂದು ಪೇಜ್ ಮಾಡಿಕೊಟ್ಟಿದ್ದು ನಾನೇ, ಪಿಯುಸಿಲಿದ್ದಾಗ. ಕ್ರೋಶಾ ಕುಚ್ಚು, ಮಣಿ ಕುಚ್ಚು, ಎಲ್ಲದರ ಫೋಟೊ ನಾನೇ ತೆಗೀತಿದ್ದೆ. ಮದುವೆ ಸೀಸನ್ನಲ್ಲಿ ಬರೋ ಸೀರೆಗಳಲ್ಲಿ ಅರ್ಧಕ್ಕರ್ಧ ಆ ಪೇಜ್ ನೋಡಿ ಬಂದವೇ. ಹೋದ ವರ್ಷ ಯುಗಾದಿ ಹೊತ್ತಿಗೆ "ಫಾಲೋವರ್ಸ್ ಜಾಸ್ತಿ ಮಾಡ್ಕೊಡ್ತೀವಿ" ಅನ್ನೋ ಒಂದು ಆ್ಯಪ್ ಹಾಕಿದೆ. ಹೆಸರು ಬೇಡ. ಅದು ತನ್ನೊಳಗೇ ಒಂದು ಲಾಗಿನ್ ಪುಟ ತೋರಿಸ್ತು. ಅದೇ ಬಣ್ಣ, ಅದೇ ಲೋಗೊ, ಅದೇ ಎರಡು ಖಾನೆ. ಹಾಕಿದೆ. ಮೂರನೇ ದಿನ ಪೇಜ್ ನಮ್ಮದಾಗಿರಲಿಲ್ಲ. ಇಮೇಲ್, ಫೋನ್ ನಂಬರ್, ಎರಡನ್ನೂ ಬದಲಾಯಿಸಿಬಿಟ್ಟಿದ್ರು.

ಚಿಕ್ಕಮ್ಮ ಬೈಲಿಲ್ಲ. "ಸೀರೆ ಕೊಟ್ಟವರ ನಂಬರೆಲ್ಲ ಆ ಮೆಸೇಜಲ್ಲೇ ಇತ್ತಲ್ಲ ಪುಟ್ಟಿ" ಅಂದ್ರು ಅಷ್ಟೆ. ಬೀರುವಲ್ಲಿ ಆವತ್ತು ಏಳು ಸೀರೆ ಇದ್ದವು. ಯಾವುದು ಯಾರದ್ದು ಅಂತ ನಮಗೆ ಗೊತ್ತಿರಲಿಲ್ಲ.

ನಾನೊಬ್ಬಳೇ ಪೆದ್ದಿ ಅಂದ್ಕೊಂಡಿದ್ದೆ. ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು, ನಾನು ಮಾಡಿದ ಇದೇ ಕೆಲಸವನ್ನ ದೊಡ್ಡ ದೊಡ್ಡ ವೆಬ್‌ಸೈಟುಗಳೇ ಒಂದು ಕಾಲದಲ್ಲಿ ಜನರ ಕೈಲಿ ಮಾಡಿಸ್ತಿದ್ವು, ರಾಜಾರೋಷವಾಗಿ. ಅದನ್ನ ಬಿಡಿಸೋಕೆ ಹತ್ತು ವರ್ಷಕ್ಕಿಂತ ಜಾಸ್ತಿ ಹಿಡೀತು.

(2)

1961. ಅಮೆರಿಕದ ಎಂಐಟಿ. ಆಗ ಕಂಪ್ಯೂಟರ್ ಅಂದ್ರೆ ಒಂದು ಕೋಣೆ ತುಂಬಾ ಯಂತ್ರ. ಒಬ್ಬರ ಕೆಲಸ ಮುಗಿಯೋವರೆಗೂ ಇನ್ನೊಬ್ಬರು ಕಾಯಬೇಕು, ನಮ್ಮ ಕಾಲೇಜ್ ಆಫೀಸಿನ ಒಂದೇ ಕೌಂಟರ್ ಥರ. ಫರ್ನಾಂಡೊ ಕೊರ್ಬಾಟೊ ಎಂಬುವರು ಮತ್ತು ಅವರ ತಂಡ ಸಿಟಿಎಸ್‌ಎಸ್ ಅನ್ನೋ ವ್ಯವಸ್ಥೆ ಕಟ್ಟಿದ್ರು. ಬೇರೆ ಬೇರೆ ಟರ್ಮಿನಲ್‌ಗಳಲ್ಲಿ ಕೂತ ಹಲವರು ಒಂದೇ ಯಂತ್ರವನ್ನ ಹಂಚಿಕೊಂಡು ಬಳಸಬಹುದು. ಹಂಚಿಕೊಂಡ ಮೇಲೆ ಇವರ ಫೈಲ್ ಅವರು ನೋಡಬಾರದಲ್ಲ? ಅದಕ್ಕೆ ಪಾಸ್‌ವರ್ಡ್ ಬಂತು. ಕಂಪ್ಯೂಟರ್ ಪಾಸ್‌ವರ್ಡಿನ ಕಥೆಯನ್ನ ಸಾಮಾನ್ಯವಾಗಿ ಇಲ್ಲಿಂದಲೇ ಶುರು ಮಾಡ್ತಾರೆ.

ಕಳ್ಳತನದ ಕಥೆಯೂ ಇಲ್ಲಿಂದಲೇ. ಅಲನ್ ಶೆರ್ ಅಂತ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ. ಅವನಿಗೆ ವಾರಕ್ಕೆ ಸಿಕ್ತಿದ್ದ ಯಂತ್ರದ ಸಮಯ ಸಾಕಾಗ್ತಿರಲಿಲ್ಲ. ಪಂಚ್ ಕಾರ್ಡಿನಲ್ಲಿ ಫೈಲಿನ ಹೆಸರು ಬರೆದು ಕೊಟ್ರೆ ಆ ಫೈಲನ್ನ ಪ್ರಿಂಟ್ ಹಾಕಿಡುವ ಸೌಲಭ್ಯ ಅಲ್ಲಿತ್ತು. 1962ರಲ್ಲಿ ಒಂದು ಶುಕ್ರವಾರ ರಾತ್ರಿ ಅವನು ಪಾಸ್‌ವರ್ಡ್ ಫೈಲಿನ ಹೆಸರನ್ನೇ ಬರೆದು ಕಾರ್ಡ್ ಕೊಟ್ಟ. ಶನಿವಾರ ಬೆಳಿಗ್ಗೆ ಹೋಗಿ ಎಲ್ಲರ ಪಾಸ್‌ವರ್ಡ್ ಇರೋ ಹಾಳೆ ತಗೊಂಡು ಬಂದ. ಯಾವ ಹ್ಯಾಕಿಂಗೂ ಇಲ್ಲ ಮಾರಾಯ್ರೆ, ಬರೀ ಅರ್ಜಿ ಹಾಕಿದ!

1966ರಲ್ಲಿ ಇನ್ನೊಂದು ಅವಾಂತರ. ಲಾಗಿನ್ ಆದಾಗ "ಇವತ್ತಿನ ಸೂಚನೆ" ಅಂತ ಒಂದು ಸಂದೇಶ ಬರ್ತಿತ್ತು. ಒಂದೇ ಹೊತ್ತಲ್ಲಿ ಒಬ್ಬರು ಆ ಸಂದೇಶ, ಇನ್ನೊಬ್ಬರು ಪಾಸ್‌ವರ್ಡ್ ಫೈಲ್ ತಿದ್ದುತ್ತಾ ಇದ್ರು. ಎರಡೂ ತಾತ್ಕಾಲಿಕ ಫೈಲುಗಳಿಗೆ ಒಂದೇ ಹೆಸರು. ಅದಲು ಬದಲಾಗಿ, ಲಾಗಿನ್ ಆದವರಿಗೆಲ್ಲ ಎಲ್ಲರ ಪಾಸ್‌ವರ್ಡ್ ಕಾಣಿಸ್ತು. ನೋಟಿಸ್ ಬೋರ್ಡಿಗೆ ತಪ್ಪಿ ಅಂಕಪಟ್ಟಿ ಬದಲು ಬೀಗದ ಕೈ ನೇತು ಹಾಕಿದ ಹಾಗೆ.

ಎರಡರಲ್ಲೂ ತೊಂದರೆ ಒಂದೇ. ಗುಟ್ಟು ಯಾರ ಹತ್ತಿರ ಇದೆಯೋ ಅವರು ಅದನ್ನ ಇದ್ದ ಹಾಗೇ ಬರೆದಿಟ್ಟಿದ್ರು.

(3)

ಇದಕ್ಕೆ ಪರಿಹಾರ ಬೇಗ ಹೇಳಿ ಮುಗಿಸ್ತೀನಿ. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ (ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರು) ಒಂದು ಲೇಖನ ಬರೆದ್ರು. ಪಾಸ್‌ವರ್ಡನ್ನ ಇಡಲೇಬೇಡಿ, ಅದನ್ನ ಅರೆದು ಬಂದ ಹಿಟ್ಟನ್ನ ಇಡಿ ಅನ್ನೋದು ಅದರ ಸಾರ. ರಾಗಿ ಬೀಸಿದ ಮೇಲೆ ಹಿಟ್ಟಿಂದ ಕಾಳು ಮಾಡೋಕಾಗಲ್ಲ. ಮತ್ತೆ ಅದೇ ಕಾಳು ತಂದು ಬೀಸಿದ್ರೆ ಅದೇ ಹಿಟ್ಟು ಬರುತ್ತಾ ಅಂತ ಮಾತ್ರ ನೋಡಬಹುದು. ಇದಕ್ಕೆ ಹ್ಯಾಶ್ ಅಂತಾರೆ. ಇಬ್ಬರ ಪಾಸ್‌ವರ್ಡ್ ಒಂದೇ ಆದ್ರೂ ಹಿಟ್ಟು ಬೇರೆ ಬರಲಿ ಅಂತ ಒಂದು ಚಿಟಿಕೆ ಬೇರೆ ಬೇರೆ ಉಪ್ಪು ಸೇರಿಸ್ತಾರೆ. ನಿಜಕ್ಕೂ ಅದರ ಹೆಸರೇ ಸಾಲ್ಟ್.

ಅದೇ ಲೇಖನದಲ್ಲಿ ಅವರು 3,289 ಪಾಸ್‌ವರ್ಡ್ ಪರೀಕ್ಷೆ ಮಾಡಿದ ಲೆಕ್ಕ ಇದೆ. ಅದರಲ್ಲಿ 15 ಜನರದ್ದು ಒಂದೇ ಒಂದು ಅಕ್ಷರ. ಒಟ್ಟು 86% ಪಾಸ್‌ವರ್ಡ್ ಒಂದೋ ತೀರಾ ಚಿಕ್ಕವು, ಇಲ್ಲಾ ನಿಘಂಟಲ್ಲಿ ಸಿಗೋವು. ಹಾಸ್ಟೆಲ್ ವೈಫೈ ಪಾಸ್‌ವರ್ಡ್ ನೆನಪಾಯ್ತಲ್ವಾ?

ಇಲ್ಲಿಗೆ "ಇಟ್ಟುಕೊಳ್ಳೋದು ಹೇಗೆ" ಅನ್ನೋದಕ್ಕೆ ಒಂದು ದಾರಿ ಸಿಕ್ತು. ಆದರೆ ಪಾಸ್‌ವರ್ಡ್ ಎಲ್ಲಿ ಟೈಪ್ ಮಾಡೋದು ಅನ್ನೋ ಪ್ರಶ್ನೆ ಆಗ ಹುಟ್ಟಿರಲೇ ಇಲ್ಲ. ಟರ್ಮಿನಲ್ಲೂ ಅವರದೇ, ಯಂತ್ರವೂ ಅವರದೇ. ಮಧ್ಯೆ ಮೂರನೆಯವರು ಬಂದಾಗ ಹೊಸ ತಲೆನೋವು ಶುರು.

(4)

ಈಗ 2005-06ಕ್ಕೆ ಜಿಗೀರಿ. ನಾವೆಲ್ಲ ಆಗಷ್ಟೇ ಹುಟ್ಟಿದ್ವಿ. ಹೊಸ ಹೊಸ ಸೋಶಿಯಲ್ ಸೈಟುಗಳು ಬರ್ತಿದ್ದ ಕಾಲ. ಖಾತೆ ತೆರೆದ ಕೂಡಲೇ ಒಂದು ಪುಟ: "ನಿಮ್ಮ ಗೆಳೆಯರನ್ನ ಹುಡುಕಿಕೊಡ್ತೀವಿ, ನಿಮ್ಮ ಇಮೇಲ್ ಪಾಸ್‌ವರ್ಡ್ ಕೊಡಿ." ಆ ಸೈಟಿನ ಪಾಸ್‌ವರ್ಡ್ ಅಲ್ಲ ರೀ, ಇಮೇಲಿನದ್ದು! ಜನ ಕೊಡ್ತಿದ್ರು. ಸೈಟ್ ಇವರ ಹೆಸರಲ್ಲಿ ಮೇಲ್ ಬಾಕ್ಸಿಗೆ ನುಗ್ಗಿ ವಿಳಾಸಗಳನ್ನ ತಗೊಂಡು ಬರ್ತಿತ್ತು. ಟ್ವಿಟರ್‌ಗೆ ಬೇರೆಯವರು ಬರೆದ ಆ್ಯಪ್‌ಗಳೂ ಅಷ್ಟೇ. ಟ್ವಿಟರ್ ಪಾಸ್‌ವರ್ಡ್ ಕೇಳಿ ಇಟ್ಕೊಂಡು, ಪ್ರತಿ ಸಲ ಅದನ್ನೇ ಕಳಿಸ್ತಿದ್ವು.

ಬಿಕಾಂನವರಿಗೆ ಇದರಲ್ಲಿ ಏನು ತಪ್ಪು ಅಂತ ಥಟ್ಟನೆ ಹೊಳೀಬೇಕು. 1872ರ ಕಾಂಟ್ರ್ಯಾಕ್ಟ್ ಆ್ಯಕ್ಟ್ ಓದಿದ್ದೀವಲ್ಲ, 182ನೇ ಸೆಕ್ಷನ್, ಏಜೆಂಟ್ ಮತ್ತು ಪ್ರಿನ್ಸಿಪಾಲ್. ನನ್ನ ಪರವಾಗಿ ಒಂದು ಕೆಲಸ ಮಾಡೋಕೆ ಏಜೆಂಟಿಗೆ ಅಧಿಕಾರ ಕೊಡಬಹುದು, ಇಂತಿಷ್ಟೇ ಅಂತ ಮಿತಿ ಹಾಕಬಹುದು, ಬೇಡ ಅಂದಾಗ ವಾಪಸ್ ತಗೋಬಹುದು (201ನೇ ಸೆಕ್ಷನ್, ಇಂಟರ್ನಲ್ಸಲ್ಲಿ ಬಂದಿತ್ತು). ಪಾಸ್‌ವರ್ಡ್ ಕೊಟ್ರೆ ಇದ್ಯಾವುದೂ ಇಲ್ಲ. ಮಿತಿಯೂ ಇಲ್ಲ, ಅವಧಿಯೂ ಇಲ್ಲ. ಒಬ್ಬನಿಂದ ವಾಪಸ್ ತಗೋಬೇಕು ಅಂದ್ರೆ ಪಾಸ್‌ವರ್ಡ್ ಬದಲಿಸಿ ಎಲ್ಲರನ್ನೂ ಹೊರಗೆ ಹಾಕಬೇಕು. ಇದು ಪವರ್ ಆಫ್ ಅಟಾರ್ನಿ ಅಲ್ಲ, ಸಹಿ ಹಾಕಿದ ಖಾಲಿ ಚೆಕ್ ಪುಸ್ತಕ.

2006ರ ಕೊನೆಯಲ್ಲಿ ಟ್ವಿಟರ್‌ನ ಬ್ಲೇನ್ ಕುಕ್, ಅವರ ಜೊತೆ ಕ್ರಿಸ್ ಮೆಸ್ಸಿನಾ ಮತ್ತು ಕೆಲವರು ಇದರ ಬಗ್ಗೆ ಕೂತು ಮಾತಾಡಿದ್ರು. ಆಗ ಮ್ಯಾಗ್ನೋಲಿಯಾ ಅಂತ ಬುಕ್‌ಮಾರ್ಕ್ ಹಂಚಿಕೊಳ್ಳೋ ಒಂದು ಸೈಟ್ ಇತ್ತು. ಅವರಿಗೂ ಒಂದು ಸಮಸ್ಯೆ: ಮ್ಯಾಕ್ ಡೆಸ್ಕ್‌ಟಾಪಿನ ಪುಟಾಣಿ ವಿಜೆಟ್‌ಗಳು ಬಳಕೆದಾರರ ಖಾತೆಗೆ ಬರಬೇಕು, ಪಾಸ್‌ವರ್ಡ್ ಮಾತ್ರ ಅವುಗಳ ಕೈಗೆ ಹೋಗಬಾರದು. ಅಂದ್ರೆ ನೋಡಿ, ಡೆಸ್ಕ್‌ಟಾಪ್ ಆ್ಯಪ್‌ನ ತಲೆನೋವು ಈ ಕಥೆಯಲ್ಲಿ ಮೊದಲ ದಿನದಿಂದಲೇ ಇದೆ. 2007ರ ಡಿಸೆಂಬರಿನಲ್ಲಿ ಓಆತ್ 1.0 ಹೊರಬಂತು. ಪಾಸ್‌ವರ್ಡ್ ಮೂಲ ಸೈಟಿನಲ್ಲೇ ಹಾಕಿ. ಆ ಸೈಟು ನಿಮ್ಮನ್ನ ಕೇಳುತ್ತೆ, "ಈ ಆ್ಯಪ್‌ಗೆ ಇಷ್ಟು ಅಧಿಕಾರ ಕೊಡ್ಲಾ?" ಹೂಂ ಅಂದ್ರೆ ಆ್ಯಪ್ ಕೈಗೆ ಒಂದು ಟೋಕನ್ ಬರುತ್ತೆ. ಬೇಡ ಅಂದ ದಿನ ಆ ಟೋಕನ್ ಒಂದನ್ನೇ ರದ್ದು ಮಾಡಿದ್ರಾಯ್ತು.

ಅದೂ ಸಲೀಸಾಗಿ ನಡೀಲಿಲ್ಲ. 2009ರ ಏಪ್ರಿಲ್‌ನಲ್ಲಿ ಅದರಲ್ಲೊಂದು ದೋಷ ಸಿಕ್ಕಿ, ಜೂನ್‌ನಲ್ಲಿ 1.0ಎ ಅಂತ ತಿದ್ದಿದ್ರು. ಟ್ವಿಟರ್ 2010ರ ಆಗಸ್ಟ್ ಕೊನೆಗೆ ಹಳೇ ದಾರಿ ಪೂರ್ತಿ ಮುಚ್ಚಿತು. ಹೊಸ ದಾರಿಗೆ ಬದಲಾಗದ ಆ್ಯಪ್‌ಗಳೆಲ್ಲ ನಿಂತುಹೋದವು.

(5)

ಟೋಕನ್ ಬಂತು, ಸರಿ. ಆದರೆ ಟೋಕನ್ ಕೇಳಲು ಬಂದ ಆ್ಯಪ್ ಅಸಲಿನಾ ಅಂತ ಗೊತ್ತಾಗೋದು ಹೇಗೆ? ಓಆತ್ 1.0 ಪ್ರತಿ ಆ್ಯಪ್‌ಗೂ ಒಂದು ಗುಟ್ಟಿನ ಕೀ ಕೊಡ್ತು. ಆ್ಯಪ್ ತನ್ನ ಪ್ರತಿ ಕೋರಿಕೆಗೂ ಅದರಿಂದ ಸಹಿ ಹಾಕಬೇಕು. ವೆಬ್‌ಸೈಟಿಗೆ ಇದು ಸರಿಹೋಗುತ್ತೆ, ಯಾಕಂದ್ರೆ ಕೀ ಅವರ ಸರ್ವರಿನಲ್ಲಿ, ಬೀಗ ಹಾಕಿದ ಕೋಣೆಯಲ್ಲಿ ಇರುತ್ತೆ. ಮೊಬೈಲ್, ಡೆಸ್ಕ್‌ಟಾಪ್ ಆ್ಯಪ್‌ಗೆ? ಆ್ಯಪನ್ನೇ ಲಕ್ಷಾಂತರ ಜನ ಇಳಿಸಿಕೊಳ್ತಾರಲ್ಲ. ಗುಟ್ಟೂ ಅದರ ಜೊತೆ ಎಲ್ಲರ ಮನೆಗೂ ಹೋಗುತ್ತೆ. ಸೊಸೈಟಿಯ ರಬ್ಬರ್ ಸೀಲನ್ನ ಪ್ರತಿ ಸದಸ್ಯನ ಕೈಗೂ ಒಂದೊಂದು ಕೊಟ್ಟು, "ಯಾರೂ ಬಳಸಬೇಡಿ" ಅಂದ ಹಾಗೆ.

2010ರ ಸೆಪ್ಟೆಂಬರ್‌ನಲ್ಲಿ ರಯಾನ್ ಪಾಲ್ ಆರ್ಸ್ ಟೆಕ್ನಿಕಾದಲ್ಲಿ ಇದನ್ನ ವಿವರವಾಗಿ ಬರೆದ್ರು. ಅವರೇ ಗ್ವಿಬರ್ ಅನ್ನೋ ಓಪನ್ ಸೋರ್ಸ್ ಡೆಸ್ಕ್‌ಟಾಪ್ ಆ್ಯಪ್ ಬರೆದಿದ್ದವರು, ಹಾಗಾಗಿ ಚುಚ್ಚಿದ ನೋವು ಅವರಿಗೆ ನೇರ ಗೊತ್ತು. ಕೋಡ್ ಎಲ್ಲರಿಗೂ ತೆರೆದಿಟ್ಟ ಆ್ಯಪ್‌ನಲ್ಲಿ ಗುಟ್ಟು ಎಲ್ಲಿ ಬಚ್ಚಿಡೋದು? ಮುಚ್ಚಿಟ್ಟ ಕೋಡಿನಿಂದಲೂ ಅದನ್ನ ಹೊರತೆಗೆಯಬಹುದು. 2013ರ ಮಾರ್ಚ್‌ನಲ್ಲಿ ಟ್ವಿಟರ್‌ನ ಅಧಿಕೃತ ಆ್ಯಪ್‌ಗಳ ಕೀಗಳೇ ಗಿಟ್‌ಹಬ್‌ನಲ್ಲಿ ಪ್ರಕಟವಾದವು. ಆ ಕೀ ಹಾಕಿದ ಯಾವ ಆ್ಯಪ್ ಬೇಕಾದ್ರೂ "ನಾನೇ ಅಧಿಕೃತ" ಅನ್ನಬಹುದಿತ್ತು.

2012ರ ಅಕ್ಟೋಬರ್‌ನಲ್ಲಿ ಬಂದ ಓಆತ್ 2.0 ಈ ವಿಷಯದಲ್ಲಿ ಪ್ರಾಮಾಣಿಕವಾಗಿತ್ತು. ಆ್ಯಪ್‌ಗಳಲ್ಲಿ ಎರಡು ಜಾತಿ ಅಂತ ನೇರ ಬರೀತು: ಗುಟ್ಟು ಕಾಪಾಡಬಲ್ಲವು, ಕಾಪಾಡಲಾರದವು. ನಿಮ್ಮ ಫೋನಿನ ಆ್ಯಪ್ ಎರಡನೇ ಜಾತಿ. (ಈ 2.0 ಬರೆಯುವಾಗ ಒಳಗೊಳಗೇ ಎಷ್ಟು ಜಗಳ ಅಂದ್ರೆ, ಅದರ ಮುಖ್ಯ ಸಂಪಾದಕ ಎರಾನ್ ಹ್ಯಾಮರ್ 2012ರ ಜುಲೈನಲ್ಲಿ ತನ್ನ ಹೆಸರನ್ನೇ ತೆಗೆಸಿಕೊಂಡು ಹೊರನಡೆದ. ನಮ್ಮ ಫೆಸ್ಟ್ ಕಮಿಟಿ ಜಗಳ ಇದರ ಮುಂದೆ ಏನೂ ಅಲ್ಲ.)

(6)

ಈಗ ನನ್ನ ತಪ್ಪಿನ ಹತ್ತಿರ ಬಂದ್ವಿ.

"ಪಾಸ್‌ವರ್ಡ್ ಮೂಲ ಸೈಟಿನಲ್ಲೇ ಹಾಕಿ" ಅಂದ್ರೆ ಆ್ಯಪ್‌ನಿಂದ ಆ ಸೈಟಿಗೆ ಹೋಗಬೇಕು. ಆ್ಯಪ್ ಮಾಡೋರಿಗೆ ಇದು ಇಷ್ಟ ಆಗಲಿಲ್ಲ. ಬ್ರೌಸರ್ ತೆರೆದ್ರೆ ಬಳಕೆದಾರ ನಮ್ಮ ಆ್ಯಪ್ ಬಿಟ್ಟು ಹೋಗ್ತಾನೆ, ವಾಪಸ್ ಬರ್ತಾನೋ ಇಲ್ವೋ, ನೋಡೋಕೂ ಚೆನ್ನಾಗಿರಲ್ಲ. ಅದಕ್ಕೆ ಆ್ಯಪ್‌ನ ಒಳಗೇ ಒಂದು ಪುಟಾಣಿ ಬ್ರೌಸರ್ ಕಿಟಕಿ ಇಟ್ಟು, ಅದರಲ್ಲೇ ಲಾಗಿನ್ ಪುಟ ತೋರಿಸೋದು ರೂಢಿಯಾಯ್ತು. ಇದಕ್ಕೆ ವೆಬ್‌ವ್ಯೂ ಅಂತಾರೆ.

ಪುಟ ಅಸಲಿಯೇ ಇರಬಹುದು. ಆದರೆ ಕಿಟಕಿ ಯಾರದ್ದು? ಆ್ಯಪ್‌ದು. ಆ ಕಿಟಕಿಯಲ್ಲಿ ನೀವು ಒತ್ತೋ ಪ್ರತಿ ಅಕ್ಷರವನ್ನೂ ಆ್ಯಪ್ ಬೇಕಾದ್ರೆ ಓದಬಹುದು. ಪುಟದೊಳಗೆ ತನ್ನ ಕೋಡ್ ತೂರಿಸಬಹುದು, ಕುಕೀ ಎತ್ತಿಕೊಳ್ಳಬಹುದು. ಮೇಲೆ ವಿಳಾಸದ ಪಟ್ಟಿ ಇರಲ್ಲ, ಅಥವಾ ಇರೋದೂ ಆ್ಯಪ್ ಬರೆದ ಚಿತ್ರ ಆಗಿರಬಹುದು. ಅಸಲಿ ಪುಟವೋ ನಕಲಿಯೋ ಅಂತ ತಿಳಿಯೋ ದಾರಿ ನಿಮಗಿಲ್ಲ. ಇಷ್ಟೆಲ್ಲ ಸರ್ಕಸ್ ಮಾಡಿ ಸುತ್ತಿ ಬಳಸಿ ಬಂದು ಪಾಸ್‌ವರ್ಡ್ ಮತ್ತೆ ಮೂರನೆಯವರ ಕೈಗೇ ಬಿತ್ತು!

ಇದು ಬರೀ ಫೋಟೊ ಪೇಜ್ ವಿಷಯ ಅಲ್ಲ, ದುಡ್ಡಿನ ವಿಷಯ ಕೂಡ. ಅಮೆರಿಕದಲ್ಲಿ ಪ್ಲೇಡ್ ಅನ್ನೋ ಕಂಪನಿ ಬ್ಯಾಂಕ್ ಖಾತೆಗಳನ್ನ ಬೇರೆ ಬೇರೆ ಆ್ಯಪ್‌ಗಳಿಗೆ ಜೋಡಿಸಿಕೊಡುತ್ತೆ. ಆ್ಯಪ್ ಒಳಗೆ ಅದು ತೋರಿಸ್ತಿದ್ದ ಲಾಗಿನ್ ಪುಟ ಬ್ಯಾಂಕಿನದ್ದೇ ಥರ ಕಾಣ್ತಿತ್ತು, ಜನ ಬ್ಯಾಂಕಿಗೇ ಪಾಸ್‌ವರ್ಡ್ ಕೊಡ್ತಿದ್ದೀವಿ ಅಂದ್ಕೊಂಡ್ರು ಅಂತ ಗ್ರಾಹಕರು ಮೊಕದ್ದಮೆ ಹಾಕಿದ್ರು. ಕಂಪನಿ ತಪ್ಪು ಒಪ್ಪಲಿಲ್ಲ, ಆದರೆ 5.8 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡ್ತು. ಕೋರ್ಟ್ 2022ರಲ್ಲಿ ಅದಕ್ಕೆ ಅಂತಿಮ ಒಪ್ಪಿಗೆ ಕೊಟ್ಟಿತು.

ಗೂಗಲ್ ಕೊನೆಗೂ ಕಡ್ಡಿ ಮುರಿದ ಹಾಗೆ ಹೇಳಿತು. 2016ರ ಆಗಸ್ಟ್‌ನಲ್ಲಿ ಎಚ್ಚರಿಕೆ, 2017ರ ಏಪ್ರಿಲ್ 20ರಿಂದ ವೆಬ್‌ವ್ಯೂ ಮೂಲಕ ಗೂಗಲ್ ಲಾಗಿನ್ ಬಂದ್. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಂಟರ್ನೆಟ್ಟಿನ ನಿಯಮ ಬರೆಯುವ ಐಇಟಿಎಫ್ ಆರ್‌ಎಫ್‌ಸಿ 8252 ಅನ್ನೋ ದಾಖಲೆ ಹೊರಡಿಸಿತು. ಬರೆದವರು ವಿಲಿಯಂ ಡೆನಿಸ್ ಮತ್ತು ಜಾನ್ ಬ್ರ್ಯಾಡ್ಲಿ. ಮೊಬೈಲ್ ಮತ್ತು ಡೆಸ್ಕ್‌ಟಾಪ್ ಆ್ಯಪ್‌ಗಳು ಲಾಗಿನ್‌ಗೆ ಒಳಗಿನ ಕಿಟಕಿ ಬಳಸಕೂಡದು, ಫೋನಿನ ಸ್ವಂತ ಬ್ರೌಸರ್ ಬಳಸಬೇಕು ಅಂತ ಅದರಲ್ಲಿದೆ.

"ಆ್ಯಪ್ ಬಿಟ್ಟು ಹೋಗೋದು ಕೆಟ್ಟದಾಗಿ ಕಾಣುತ್ತೆ" ಅನ್ನೋ ದೂರಿಗೂ ಅಷ್ಟೊತ್ತಿಗೆ ಉತ್ತರ ಸಿಕ್ಕಿತ್ತು. 2015ರಲ್ಲಿ ಆಂಡ್ರಾಯ್ಡ್‌ಗೆ ಕ್ರೋಮ್ ಕಸ್ಟಮ್ ಟ್ಯಾಬ್, ಐಫೋನಿಗೆ ಸಫಾರಿಯ ಅಂಥದ್ದೇ ಒಂದು ಸೌಲಭ್ಯ ಬಂದವು. ನೋಡೋಕೆ ಆ್ಯಪ್ ಮೇಲೆ ಜಾರಿ ಬರೋ ಹಾಳೆಯ ಥರ, ಆದರೆ ಅದು ನಿಜವಾದ ಬ್ರೌಸರ್, ಒಳಗೆ ಏನು ಟೈಪ್ ಆಯ್ತು ಅಂತ ಆ್ಯಪ್‌ಗೆ ಕಾಣಲ್ಲ. ಆಂಡ್ರಾಯ್ಡ್‌ನಲ್ಲಿ ಇನ್ನೊಂದು ಲಾಭ: ಬ್ರೌಸರಿನಲ್ಲಿ ಮೊದಲೇ ಲಾಗಿನ್ ಆಗಿದ್ರೆ ಪಾಸ್‌ವರ್ಡ್ ಹಾಕೋದೇ ಬೇಡ, "ಮುಂದುವರಿಸಿ" ಒತ್ತಿದ್ರೆ ಆಯ್ತು.

(7)

ಬ್ರೌಸರಿಗೆ ಹೋಗಿದ್ದಾಯ್ತು. ವಾಪಸ್ ಬರೋದು ಹೇಗೆ? ಈ ಭಾಗ ನನಗೆ ಅರ್ಥ ಆಗೋಕೆ ಎರಡು ದಿನ ಹಿಡೀತು. ನಿಧಾನ ಓದಿ.

ಲಾಗಿನ್ ಮುಗಿದ ಮೇಲೆ ಬ್ರೌಸರ್ ಆ್ಯಪ್‌ಗೆ ಒಂದು ಕೋಡ್ ಕಳಿಸುತ್ತೆ. ಒಂದೇ ಸಲ ನಡೆಯೋ ಚೀಟಿ ಅಂದ್ಕೊಳ್ಳಿ. ಆ್ಯಪ್ ಆ ಚೀಟಿಯನ್ನ ಸರ್ವರಿಗೆ ಕೊಟ್ಟು ಟೋಕನ್ ಪಡೆಯುತ್ತೆ. ಚೀಟಿ ಯಾವ ಆ್ಯಪ್‌ಗೆ ತಲುಪಬೇಕು ಅಂತ ಫೋನಿಗೆ ಗೊತ್ತಾಗೋದು ಒಂದು ವಿಶೇಷ ವಿಳಾಸದಿಂದ. ಹಳೇ ಪದ್ಧತಿಯಲ್ಲಿ ಆ ವಿಳಾಸಕ್ಕೆ ಮಾಲೀಕರೇ ಇಲ್ಲ. ಬೇರೆ ಕಳ್ಳ ಆ್ಯಪ್ ಕೂಡ "ಇದು ನನ್ನ ವಿಳಾಸ" ಅಂತ ನೋಂದಾಯಿಸಿಕೊಳ್ಳಬಹುದು. ಹಾಸ್ಟೆಲ್‌ನಲ್ಲಿ ಒಂದೇ ಹೆಸರಿನ ಇಬ್ಬರಿದ್ರೆ ಕೊರಿಯರ್ ಯಾರ ಕೈಗೆ ಬೀಳುತ್ತೆ ಹೇಳಿ? ಚೀಟಿ ಕಳ್ಳನಿಗೆ ಸಿಕ್ರೆ ಟೋಕನ್ನೂ ಅವನಿಗೇ. ಅಸಲಿ ಆ್ಯಪ್ ಹತ್ತಿರ ತಾನು ಅಸಲಿ ಅನ್ನೋಕೆ ಗುಟ್ಟಿನ ಕೀಯೂ ಇಲ್ಲ (5ನೇ ಭಾಗ ನೆನಪಿಸ್ಕೊಳ್ಳಿ).

2015ರ ಸೆಪ್ಟೆಂಬರ್‌ನಲ್ಲಿ ನ್ಯಾಟ್ ಸಕಿಮುರಾ, ಜಾನ್ ಬ್ರ್ಯಾಡ್ಲಿ, ನವೀನ್ ಅಗರ್ವಾಲ್ ಮೂವರ ಹೆಸರಲ್ಲಿ ಇದಕ್ಕೆ ಪರಿಹಾರ ಬಂತು. ಹೆಸರು ಪಿಕೆಸಿಇ, ಬಾಯಲ್ಲಿ "ಪಿಕ್ಸಿ" ಅಂತಾರೆ. ಹಳೇ ಸಿನಿಮಾದಲ್ಲಿ ನೋಟನ್ನ ಅಡ್ಡಾದಿಡ್ಡಿ ಹರಿದು ಅರ್ಧ ಇವನಿಗೆ, ಅರ್ಧ ಅವನಿಗೆ ಕೊಡ್ತಾರಲ್ಲ, ಹೆಚ್ಚುಕಮ್ಮಿ ಅದೇ. ಲಾಗಿನ್ ಶುರು ಆಗುವಾಗ ಆ್ಯಪ್ ಒಂದು ಉದ್ದನೆಯ ಯದ್ವಾತದ್ವಾ ಪದ ಹುಟ್ಟಿಸುತ್ತೆ, ಕನಿಷ್ಠ 43 ಅಕ್ಷರ. ಅದನ್ನ ತನ್ನ ಹತ್ತಿರವೇ ಇಟ್ಕೊಂಡು, ಅರೆದ ಹಿಟ್ಟನ್ನ ಮಾತ್ರ ಬ್ರೌಸರ್ ಮೂಲಕ ಸರ್ವರಿಗೆ ಕಳಿಸುತ್ತೆ. ಹೌದು, 3ನೇ ಭಾಗದ ಅದೇ ಹಿಟ್ಟು. ಕೊನೆಗೆ ಚೀಟಿ ಕೊಡುವಾಗ ಅಸಲಿ ಪದವನ್ನೂ ಕೊಡಬೇಕು. ಸರ್ವರ್ ಅದನ್ನ ಅರೆದು ನೋಡಿ, ಮೊದಲು ಬಂದ ಹಿಟ್ಟಿಗೆ ಹೊಂದಿದ್ರೆ ಮಾತ್ರ ಟೋಕನ್ ಕೊಡುತ್ತೆ. ಕಳ್ಳನ ಹತ್ತಿರ ಚೀಟಿ ಇರಬಹುದು, ಕಾಳು ಇಲ್ಲ.

ನನಗೆ ಇದು ಇಷ್ಟ ಆಗಿದ್ದು ಯಾಕೆ ಗೊತ್ತಾ? ಆ್ಯಪ್ ಒಳಗೆ ಶಾಶ್ವತ ಗುಟ್ಟು ಬಚ್ಚಿಡೋ ಹಠ ಬಿಟ್ಟುಬಿಟ್ರು. ಪ್ರತಿ ಲಾಗಿನ್ನಿಗೂ ಹೊಸ ಗುಟ್ಟು, ಕೆಲಸ ಮುಗಿದ ಮೇಲೆ ಕಸ.

ಡೆಸ್ಕ್‌ಟಾಪಿನಲ್ಲಿ ವಾಪಸ್ ಬರೋ ದಾರಿ ಸ್ವಲ್ಪ ಬೇರೆ. ಆ್ಯಪ್ ನಿಮ್ಮ ಕಂಪ್ಯೂಟರಿನೊಳಗೇ, 127.0.0.1 ಅನ್ನೋ ವಿಳಾಸದಲ್ಲಿ, ಒಂದು ಬಾಗಿಲು ತೆರೆದು ಕಾಯ್ತಾ ಇರುತ್ತೆ. ಬ್ರೌಸರ್ ಚೀಟಿಯನ್ನ ಅಲ್ಲಿಗೆ ತಲುಪಿಸುತ್ತೆ, ಬಾಗಿಲು ಮುಚ್ಚುತ್ತೆ. ಲಾಗಿನ್ ಆದ ಮೇಲೆ "ಇನ್ನು ಈ ಟ್ಯಾಬ್ ಮುಚ್ಚಬಹುದು" ಅಂತ ಬರುತ್ತಲ್ಲ, ಅಲ್ಲಿ ನಡೆದಿರೋದು ಬಹುಪಾಲು ಇದೇ.

2025ರ ಜನವರಿಯಲ್ಲಿ ಬಂದ ಆರ್‌ಎಫ್‌ಸಿ 9700, ಆ್ಯಪ್ ತಾನೇ ಪಾಸ್‌ವರ್ಡ್ ಕೇಳಿ ಟೋಕನ್ನಿಗೆ ಬದಲಿಸಿಕೊಳ್ಳೋ ಹಳೇ ದಾರಿಯನ್ನ ಬಳಸಲೇಕೂಡದು ಅಂತ ಬರೆದಿದೆ. 2.0 ನಿಯಮದಲ್ಲೇ ಆ ದಾರಿ ಇತ್ತು. ಅಂದ್ರೆ ಸುಮಾರು ಹನ್ನೆರಡು ವರ್ಷ ಅದು ಕಾಗದದ ಮೇಲೆ ಬದುಕಿತ್ತು.

(8)

ನಮ್ಮ ದೇಶಕ್ಕೆ ಬರೋಣ. ನೀವೆಲ್ಲ ದಿನಾ ಇದನ್ನೇ ಮಾಡ್ತಿದ್ದೀರಿ, ಗಮನಿಸಿಲ್ಲ ಅಷ್ಟೆ.

2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು. ನಿಮ್ಮ ಖಾತೆ ಒಂದು ಬ್ಯಾಂಕಿನಲ್ಲಿ, ಆ್ಯಪ್ ಇನ್ಯಾರದ್ದೋ. ಈ ಮೂರನೆಯವರ ಆ್ಯಪ್‌ನಲ್ಲಿ ಬ್ಯಾಂಕಿನ ಪಿನ್ ಹಾಕಬೇಕು. ನಾವು ಇಲ್ಲೀವರೆಗೂ ನೋಡಿದ ಅದೇ ಸಮಸ್ಯೆ! ಪಿನ್ ಹಾಕೋ ಪರದೆಯನ್ನ ಸರಿಯಾಗಿ ನೋಡಿದ್ದೀರಾ? ಯಾವ ಆ್ಯಪ್‌ನಿಂದ ಕಳಿಸಿದ್ರೂ ಅದು ಹೆಚ್ಚುಕಮ್ಮಿ ಒಂದೇ ಥರ, ಆ್ಯಪ್‌ನ ಬಣ್ಣ ಅಲ್ಲಿ ಸಪ್ಪೆ. ಯಾಕಂದ್ರೆ ಆ ಪರದೆ ಎನ್‌ಪಿಸಿಐ ಕೊಟ್ಟ ಕಾಮನ್ ಲೈಬ್ರರಿ. ಪಿನ್ ಅಲ್ಲೇ ಗೂಢಲಿಪಿಯಾಗಿ ಬ್ಯಾಂಕಿಗೆ ಹೋಗುತ್ತೆ. ಆ್ಯಪ್‌ಗೆ ನಿಮ್ಮ ಪಿನ್ ಸಿಗಲ್ಲ, "ಆಯ್ತು" ಅಥವಾ "ಆಗಲಿಲ್ಲ" ಅನ್ನೋ ಉತ್ತರ ಸಿಗುತ್ತೆ. ಜೊತೆಗೆ ಮೊದಲ ಸಲ ಹಾಕುವಾಗ ನಿಮ್ಮ ಸಿಮ್‌ನಿಂದ ತಾನಾಗೇ ಒಂದು ಎಸ್ಎಂಎಸ್ ಹೋಗುತ್ತಲ್ಲ, ಅದು ಆ ಫೋನನ್ನೂ ನಂಬರನ್ನೂ ಕಟ್ಟಿಹಾಕೋಕೆ.

ಒಂದು ವ್ಯತ್ಯಾಸ ಇದೆ, ಮುಚ್ಚಿಡಲ್ಲ. ಯುಪಿಐ ಬ್ರೌಸರ್ ದಾರಿ ಹಿಡಿಯಲಿಲ್ಲ. ಆ ಲೈಬ್ರರಿ ಆ್ಯಪ್‌ನ ಒಳಗೇ ಕೂತಿರುತ್ತೆ. ಎನ್‌ಪಿಸಿಐ ಒಪ್ಪಿದ ಆ್ಯಪ್‌ಗಳು ಮಾತ್ರ ಈ ವ್ಯವಸ್ಥೆಯೊಳಗೆ ಬರೋದ್ರಿಂದ ಇದು ನಡೆಯುತ್ತೆ. ಲಕ್ಷಾಂತರ ಅಪರಿಚಿತ ಆ್ಯಪ್‌ಗಳಿರೋ ತೆರೆದ ಇಂಟರ್ನೆಟ್ಟಿಗೆ ಈ ದಾರಿ ಸಾಲಲ್ಲ. ಆಡಿಟಿಂಗ್ ಭಾಷೆಲಿ ಹೇಳೋದಾದ್ರೆ ಉದ್ದೇಶ ಒಂದೇ, ಇಂಟರ್ನಲ್ ಚೆಕ್. ಕ್ಯಾಶ್ ಮುಟ್ಟೋನು ಲೆಡ್ಜರ್ ಬರೀಬಾರದು.

(9)

ಇಷ್ಟೆಲ್ಲ ಓದಿದ್ದು ಒಂದು ಜಗಳ ಗೆಲ್ಲೋಕೆ. ನಮ್ಮ ಫೆಸ್ಟ್‌ಗೆ ಆ್ಯಪ್ ಮಾಡ್ತಿದ್ದೀವಿ ಅಂತ ನಿಮಗೆ ಗೊತ್ತು. ಭಾಗವಹಿಸೋರಿಗೆ ಮೊಬೈಲ್‌ನಲ್ಲಿ, ಕ್ಯಾಶ್ ಟೇಬಲಿಗೆ ಲ್ಯಾಪ್‌ಟಾಪ್‌ನಲ್ಲಿ. ದುಡ್ಡಿನ ಲೆಕ್ಕ ನನ್ನದು, ಕೋಡ್ ಬಿಸಿಎ ಗೆಳೆಯನದ್ದು. ಅವನು ಲಾಗಿನ್ ಪುಟವನ್ನ ಆ್ಯಪ್ ಒಳಗೇ ಮಾಡಿದ್ದ. ಚೆಂದ ಇತ್ತು ನಿಜ. ಕಾಲೇಜ್ ಮೇಲ್ ಐಡಿ, ಅದರ ಪಾಸ್‌ವರ್ಡ್, ಎರಡು ಖಾನೆ. ಅದನ್ನ ನೋಡಿದ ತಕ್ಷಣ ನನಗೆ ಬೀರು ನೆನಪಾಯ್ತು.

"ನಾನೇನು ಕದೀತೀನಾ?" ಅಂದ. ಅವನು ಕದಿಯಲ್ಲ. ಆದರೆ ನಮ್ಮ ಆ್ಯಪ್‌ನಲ್ಲಿ ಮೇಲ್ ಪಾಸ್‌ವರ್ಡ್ ಟೈಪ್ ಮಾಡಿ ರೂಢಿಯಾದ ಜೂನಿಯರ್, ನಾಳೆ ಯಾವುದೋ ಫಾಲೋವರ್ಸ್ ಆ್ಯಪ್‌ನಲ್ಲೂ ಟೈಪ್ ಮಾಡ್ತಾಳೆ. ನನಗೆ ಆ ರೂಢಿ ಎಲ್ಲಿಂದ ಬಂತು ಅಂದ್ಕೊಂಡ್ರಿ? ಬ್ರೌಸರ್ ತೆರೆದ್ರೆ ಆ್ಯಪ್ ಲೋಕಲ್ ಆಗಿ ಕಾಣುತ್ತೆ ಅಂತ ಅವನ ವಾದ. ಕ್ಯಾಂಟೀನಲ್ಲಿ ಎರಡು ದಿನ ನಡೀತು. ಕೊನೆಗೆ ಆ್ಯಪ್‌ಆತ್ ಅಂತ ಒಂದು ಸಿದ್ಧ ಲೈಬ್ರರಿ ಅವನಿಗೇ ಸಿಕ್ತು, ಉಚಿತ, ಕೋಡ್ ತೆರೆದಿಟ್ಟದ್ದು, ಪಿಕ್ಸಿ ಅದರಲ್ಲೇ ಇದೆ. ಈಗ ಮೊಬೈಲಲ್ಲಿ ಕಸ್ಟಮ್ ಟ್ಯಾಬ್ ತೆರೆಯುತ್ತೆ, ಲ್ಯಾಪ್‌ಟಾಪಲ್ಲಿ ಬ್ರೌಸರ್ ಮತ್ತು 127.0.0.1. ಬಂದ ಟೋಕನ್ನನ್ನ ಸಾದಾ ಫೈಲಿನಲ್ಲಿ ಬಿಸಾಕಲ್ಲ, ಫೋನಿನ ಕೀಸ್ಟೋರ್‌ನ ಕೀಯಿಂದ ಬೀಗ ಹಾಕಿ ಇಡ್ತೀವಿ. ಕೆಲಸ ಸುಲಭವೇ ಆಯ್ತು ಅಂತ ಅವನೇ ಈಗ ಹೇಳ್ತಾನೆ. ಪಾಸ್‌ವರ್ಡ್ ಮರೆತವರ ಗೋಳು ನಮ್ಮ ತಲೆ ಮೇಲಿಲ್ಲ.

ಪಾಸ್‌ಕೀ ಯಾಕಿಲ್ಲ ಅಂತ ಕೇಳ್ತೀರಿ. 2019ರ ಮಾರ್ಚ್‌ನಲ್ಲಿ ವೆಬ್‌ಆತ್‌ಎನ್ ಅಂತ ಅದರ ನಿಯಮ ಬಂತು. 2022ರ ಮೇನಲ್ಲಿ ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಒಟ್ಟಿಗೆ ಬೆಂಬಲ ಘೋಷಿಸಿದವು. ಅಲ್ಲಿ ಟೈಪ್ ಮಾಡೋಕೆ ಗುಟ್ಟೇ ಇಲ್ಲ. ಬೆರಳಚ್ಚು ಕೊಟ್ರೆ ಫೋನ್ ತನ್ನಲ್ಲಿರೋ ಕೀಯಿಂದ ಸಹಿ ಹಾಕುತ್ತೆ, ಆ ಕೀ ಅಸಲಿ ಸೈಟಿಗೆ ಕಟ್ಟಿರೋದ್ರಿಂದ ನಕಲಿ ಪುಟಕ್ಕೆ ಅದು ನಡೆಯೋದೇ ಇಲ್ಲ. ನಮ್ಮ ಆ್ಯಪ್‌ಗೆ ಅದನ್ನ ಬೇರೆ ಸೇರಿಸಬೇಕಿಲ್ಲ. ನಿಮ್ಮ ಮೇಲ್ ಖಾತೆಗೆ ಪಾಸ್‌ಕೀ ಇದ್ರೆ ಬ್ರೌಸರೇ ಕೇಳುತ್ತೆ.

ಇವತ್ತು ಒಂದು ಕೆಲಸ ಮಾಡಿ. ನಿಮ್ಮ ಗೂಗಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ, ಹೊರಗಿನ ಯಾವ ಯಾವ ಆ್ಯಪ್‌ಗಳಿಗೆ ಪ್ರವೇಶ ಕೊಟ್ಟಿದ್ದೀರಿ ಅನ್ನೋ ಪಟ್ಟಿ ಇದೆ. ಅದೇ 201ನೇ ಸೆಕ್ಷನ್. ನನ್ನದರಲ್ಲಿ ಹದಿನಾಲ್ಕಿತ್ತು, ಮೂರು ಉಳಿಸಿದೆ.

ಚಿಕ್ಕಮ್ಮನ ಹಳೇ ಪೇಜ್ ವಾಪಸ್ ಬರಲಿಲ್ಲ. ಅದರಲ್ಲಿ ಈಗ ಯಾರೋ "ದುಡ್ಡು ಡಬಲ್" ಅಂತ ಜಾಹೀರಾತು ಹಾಕ್ತಿದ್ದಾರೆ. ನೋಡಿದ್ರೆ ರಿಪೋರ್ಟ್ ಮಾಡಿ, ಹೊಸ ಪೇಜಿನ ಲಿಂಕ್ ನನ್ನ ಬಯೋದಲ್ಲಿದೆ. ಏಳು ಸೀರೆಯಲ್ಲಿ ಆರು ಜನ ಮನೆ ಹುಡುಕಿಕೊಂಡು ಬಂದು ತಗೊಂಡು ಹೋದ್ರು. ಒಂದು ಇನ್ನೂ ಬೀರುವಲ್ಲೇ ಇದೆ. ಗಿಳಿ ಹಸಿರು ಮೈಸೂರು ಸಿಲ್ಕ್, ಸಣ್ಣ ಜರಿ ಅಂಚು, ಕುಚ್ಚು ಹಾಕಿ ಮುಗಿದಿದೆ. ನಿಮ್ಮ ಅಮ್ಮ, ಅತ್ತೆ ಯಾರಾದ್ರೂ ಹೋದ ವರ್ಷ ಯುಗಾದಿ ಹೊತ್ತಿಗೆ ಮೆಸೇಜ್ ಮಾಡಿ ಕುಚ್ಚಿಗೆ ಕೊಟ್ಟಿದ್ರೆ, ಸೆರಗಿನ ಒಂದು ಫೋಟೊ ಕಳಿಸಿ. ಸೆರಗಿನ ಚಿತ್ರ ನಾನು ಇಲ್ಲಿ ಬೇಕಂತಲೇ ಹಾಕಿಲ್ಲ.